ಸಿನಿಮಾದಲ್ಲಿ ಕುಲ್ಸುತ್ತ ಆಡಿದ ಮಾತು

ಪೊನ್ನಾನಿ ಕಡೆಯ ಹೊಳೆಬದಿಯ ಊರು ಚೆಂಬಿಕ್ಕಡವಿನಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಚಪ್ಪರದವನಿಗಿಂತ ಮೊದಲು ಉಮ್ಮುಕುಲ್ಸುವಿಗೆ ಹೇಳಿಕಳಿಸುತ್ತಾರೆ. ಕಾಗದದಷ್ಟು ತೆಳ್ಳಗಿನ ಅಕ್ಕಿಹಿಟ್ಟಿನ ಪತ್ತಿರಿ, ಮೊಟ್ಟೆಯ ಹಳದಿಯನ್ನು ಪಾಕದಲ್ಲಿ ಎಳೆ ಎಳೆಯಾಗಿ ಬಿಟ್ಟು ಮಾಡುವ ಮುಟ್ಟಮಾಲೆ, ಇವೆರಡೂ ಅವಳ ಕೈಯದ್ದೇ ಆಗಬೇಕು. ಕೇರಿಯ ಹೆಣ್ಣುಮಕ್ಕಳಿಗೆಲ್ಲ ಅವಳು ಕುಲ್ಸುತ್ತ, ಅಂದರೆ ಕುಲ್ಸು ಅಕ್ಕ; ಕರೆಯುವಾಗ ಬರೀ ‘ಇತ್ತಾ’. ಅರವತ್ತರ ಆಸುಪಾಸಿನ ವಯಸ್ಸು, ತುಂಬಿದ ಮೈ, ಸಣ್ಣ ಕಣ್ಣು. ಮದುವೆಮನೆಯ ಹಿತ್ತಲಲ್ಲಿ ಅವಳು ಹಿಟ್ಟು ನಾದುತ್ತಾ ಕೂತರೆ ಸುತ್ತ ಹತ್ತು ಹೆಂಗಸರು ಕೂರುತ್ತಾರೆ. ಅರ್ಧ ಕೆಲಸಕ್ಕೆ, ಅರ್ಧ ಅವಳ ಮಾತಿಗೆ.

ಆದರೆ ಆ ಮಾತೆಲ್ಲ ತನ್ನ ಕೇರಿಯೊಳಗೆ ಮಾತ್ರ. ಆಸ್ಪತ್ರೆಯದ್ದೋ ಬ್ಯಾಂಕಿನದ್ದೋ ಮೆಟ್ಟಿಲು ಹತ್ತಿದಳೆಂದರೆ ಕುಲ್ಸುತ್ತನ ಬಾಯಿ ಬಿಗಿದುಹೋಗುತ್ತಿತ್ತು. ಒಂದೊಂದೇ ಶಬ್ದವನ್ನು ತೊಳೆದು ಒರೆಸಿ ಇಟ್ಟ ಹಾಗೆ, ಪುಸ್ತಕದ ಭಾಷೆಯಲ್ಲಿ ಮಾತಾಡುತ್ತಿದ್ದಳು. ಮಗಳು ರಹ್ಮತ್ ಶಾಲೆಯ ಟೀಚರು. ಅವಳಿಗೆ ಇದನ್ನು ನೋಡಿದರೆ ನಗು.

"ಉಮ್ಮಾ, ಡಾಕ್ಟ್ರ ಹತ್ರ ‘ನನ್ನ ಉದರದಲ್ಲಿ ವೇದನೆಯುಂಟು’ ಅಂದ್ಯಲ್ಲ, ಪಾಪ ಅವರು ಪೆನ್ನು ಕೆಳಗಿಟ್ಬಿಟ್ರು. ಹೊಟ್ಟೆನೋವು ಅಂದಿದ್ರೆ ಮಾತ್ರೆ ಕೊಡ್ತಿರ್ಲಿಲ್ವಾ?"

"ನಿಂಗೇನೇ ಗೊತ್ತು. ನೀನು ಓದಿದವಳು. ಹೆಂಗೆ ಮಾತಾಡಿದ್ರೂ ನಡೆಯುತ್ತೆ."

ಅದರ ಬೇರು ಒಂದು ಸಿನಿಮಾದಲ್ಲಿತ್ತು. ಕುಲ್ಸುವಿಗೆ ಆಗ ಹದಿಮೂರೋ ಹದಿನಾಲ್ಕೋ. ನೆರೆಮನೆಯ ದೇವಕಿಯ ಜೊತೆ, ತೆಂಗಿನ ನಾರು ತರುತ್ತೇವೆಂದು ಮನೆಯಲ್ಲಿ ಸುಳ್ಳು ಹೇಳಿ, ಹೊಳೆಯಾಚೆಯ ಟೆಂಟಿಗೆ ಹೋಗಿದ್ದಳು. ನೆಲದ ಮೇಲೆ ಕೂತು ನೋಡಿದ ಮೊದಲ ಚಿತ್ರ ಅದು. ದೊಡ್ಡ ತೊಟ್ಟಿಮನೆ, ಬಿಳಿ ಪಂಚೆಯ ನಾಯಕ, ಒದ್ದೆ ಕೂದಲಿಗೆ ತುಳಸಿ ಮುಡಿದ ನಾಯಕಿ. ಅವರ ಮಾತು ಕೇಳಿದರೆ ಬೆಣ್ಣೆ ಕರಗಿದ ಹಾಗೆ. ಮಧ್ಯದಲ್ಲಿ ಮೀನಿನ ಬುಟ್ಟಿ ಹೊತ್ತ ಒಬ್ಬ ಮಾಪಿಳ್ಳೆ ಮುಸಲ್ಮಾನ ಹೆಂಗಸು ಬಂದಳು. ಕಿವಿ ತುಂಬ ಓಲೆ, ಬಾಯಿ ತುಂಬ ಎಲೆಯಡಿಕೆ. ಅವಳು ಬಾಯಿ ತೆರೆದು "ಮಯ ಬರ್ತದೆ" ಎಂದದ್ದೇ ತಡ, ಇಡೀ ಟೆಂಟು ಬಿದ್ದುಬಿದ್ದು ನಕ್ಕಿತು. ಮಳೆಗೆ ‘ಮಯ’ ಎನ್ನುವುದು ತಮಾಷೆಯಂತೆ. ಎಲ್ಲರಿಗಿಂತ ಜೋರಾಗಿ ಕುಲ್ಸುವೇ ನಕ್ಕಳು.

ಮನೆಗೆ ಬಂದಾಗ ಅವಳ ಉಮ್ಮ ಅಂಗಳದಲ್ಲಿ ಒಣಗಿದ ಬಟ್ಟೆ ಬಾಚಿಕೊಳ್ಳುತ್ತಿದ್ದರು. "ಎಲ್ಲಿ ಹಾಳಾಗ್ಹೋಗಿದ್ಯೇ, ಮಯ ಬರ್ತಿರೋದು ಕಾಣಲ್ವಾ?" ಎಂದರು.

ಕುಲ್ಸುವಿಗೆ ನಗು ಉಕ್ಕಿ ಬಂತು. ನಕ್ಕ ಮೇಲೆ ಮುಖ ಸುಟ್ಟ ಹಾಗಾಯಿತು. ಉಮ್ಮನ ಬಾಯಿಯ ಎಲೆಯಡಿಕೆ, ಕಿವಿಯ ಓಲೆ, ಎಲ್ಲವೂ ಇದ್ದಕ್ಕಿದ್ದಂತೆ ಯಾರೋ ತೋರಿಸಿಕೊಟ್ಟ ಹಾಗೆ ಕಂಡವು. ಅವತ್ತಿನಿಂದ ಹೊರಗಿನವರೆದುರು ಅವಳು ಮಳೆಗೆ ಮಳೆಯೆಂದೇ ಹೇಳುತ್ತಿದ್ದಳು.

ಆದರೂ ಸಿನಿಮಾದ ಹುಚ್ಚು ಬಿಡಲಿಲ್ಲ. ಹದಿನೇಳಕ್ಕೆ ಸೈತಾಲಿಯ ಜೊತೆ ನಿಕಾಹ್ ಆಯಿತು, ಮರುವರ್ಷವೇ ಅವನು ಶಾರ್ಜಾದ ಒಂದು ಕಿರಾಣಿ ಅಂಗಡಿಗೆ ಹೊರಟುಹೋದ. ಎರಡು ವರ್ಷಕ್ಕೊಮ್ಮೆ ರಜೆ. ಮೂರನೆಯ ರಜೆಯಲ್ಲಿ ಅವನು ಟೀವಿಯನ್ನೂ ಕ್ಯಾಸೆಟ್ ಹಾಕುವ ಪೆಟ್ಟಿಗೆಯನ್ನೂ ತಂದ. ಅವನು ಹಿಂದಿರುಗಿದ ಮೇಲೆ ಮಧ್ಯಾಹ್ನವೆಲ್ಲ ಕೇರಿಯ ಹೆಂಗಸರು ಕುಲ್ಸುವಿನ ಮನೆಯಲ್ಲಿ. ಮಕ್ಕಳಿಗೆ ಹಾಲು ಕುಡಿಸುತ್ತಾ, ಅಕ್ಕಿ ಆರಿಸುತ್ತಾ, ಎಷ್ಟು ಚಿತ್ರ ನೋಡಿದರೋ. ಎಡಪಕ್ಷದವರ ಜಗಳ, ಕೆಲಸವಿಲ್ಲದ ಪದವೀಧರರು, ಅಣ್ಣತಮ್ಮಂದಿರ ಪಾಲು, ಸಾಲ ಮಾಡಿ ಕಟ್ಟಿದ ಮನೆ, ಎಲ್ಲ ಇದ್ದವು. ಗಲ್ಫಿನವನೂ ಇದ್ದ. ಕಪ್ಪು ಕನ್ನಡಕ, ಸುಗಂಧ, ಹಗ್ಗ ಬಿಗಿದ ದೊಡ್ಡ ಪೆಟ್ಟಿಗೆ. ಅವನು ಊರಿಗೆ ಬಂದರೆ ತಮಾಷೆ, ಹೊರಟರೆ ಹಾಡು. ಗೇಟಿನ ಬಳಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಕಾರು ಹೊರಡುತ್ತಿತ್ತು.

"ಇದೇ ನೋಡಿ," ಎಂದಿದ್ದಳು ಒಮ್ಮೆ ಕುಲ್ಸು. "ಕಾರು ಹೊರಟ ಕೂಡ್ಲೇ ಈ ಸಿನಿಮಾದವರೂ ಕಾರಿನ ಹಿಂದೇನೇ ಓಡ್ಬಿಡ್ತಾರೆ. ಅವಳು ಮನೆಯೊಳಗೆ ಹೋಗಿ ಏನ್ಮಾಡಿದ್ಲು ಅಂತ ಒಬ್ರಾದ್ರೂ ತೋರಿಸ್ತಾರಾ?"

"ಏನ್ಮಾಡ್ತಾಳೆ, ಪಾತ್ರೆ ತೊಳೀತಾಳೆ," ಎಂದರು ಯಾರೋ. ಎಲ್ಲರೂ ನಕ್ಕರು.

ಸೈತಾಲಿ ಕೊನೆಗೂ ಊರಿಗೆ ಬಂದು ನೆಲೆಸಿದಾಗ ಅವನಿಗೆ ಸಕ್ಕರೆ ಕಾಯಿಲೆ ಬಂದಿತ್ತು, ತಲೆ ಪೂರ್ತಿ ಬೆಳ್ಳಗಾಗಿತ್ತು. ಗಂಡ ಹೆಂಡತಿ ಜಗಳವಾಡಲಿಲ್ಲ. ಅದೇ ಕಷ್ಟ. ನಾಲ್ಕು ವರ್ಷ ಅವರು ಒಬ್ಬರಿಗೊಬ್ಬರು ನೆಂಟರಂತೆ ಇದ್ದರು. "ಚಾ ಕುಡೀತೀರಾ?" "ಇದ್ರೆ ಕೊಡು." "ಸ್ನಾನಕ್ಕೆ ನೀರು ಕಾಯಿಸ್ಲಾ?" "ನಿಂಗೆ ತೊಂದ್ರೆ ಇಲ್ಲಾಂದ್ರೆ." ಅವನು ಜಗಲಿಯ ಕುರ್ಚಿಯಲ್ಲಿ ಕೂತು ಪತ್ರಿಕೆಯನ್ನು ಜಾಹೀರಾತೂ ಬಿಡದೆ ಓದುತ್ತಿದ್ದ. ಅವಳು ಕೆಲಸವಿರಲಿ ಇಲ್ಲದಿರಲಿ ಹಿತ್ತಲಲ್ಲೇ ಇರುತ್ತಿದ್ದಳು. ಊರವರ ಕಣ್ಣಿಗೆ ಬಹಳ ಹೊಂದಿಕೊಂಡ ಜೋಡಿ.

ಫವಾಸ್ ಎಂಬ ಹುಡುಗ ಬಂದದ್ದು ಆ ಸಮಯದಲ್ಲಿ. ತಿರೂರಿನ ಕಡೆಯವನು, ಮೂವತ್ತು ದಾಟಿರಲಿಲ್ಲ, ಅವನ ಮೊದಲ ಸಿನಿಮಾ. ಒಂದು ಮದುವೆಯಲ್ಲಿ ಊಟಕ್ಕೆ ಬಂದವನು ಹಿತ್ತಲಿನಿಂದ ಕೇಳಿದ ಬೈಗುಳಕ್ಕೆ ಎಲೆ ಬಿಟ್ಟು ಎದ್ದುಬಂದಿದ್ದ. ಕುಲ್ಸುತ್ತ ಯಾರಿಗೋ ಹಿಟ್ಟಿಗೆ ತಣ್ಣೀರು ಸುರಿದದ್ದಕ್ಕೆ ಮಂಗಳಾರತಿ ಎತ್ತುತ್ತಿದ್ದಳು. ಮರುದಿನವೇ ಮನೆಗೆ ಬಂದ.

"ಇತ್ತಾ, ನಿಮ್ಮ ಹಿತ್ಲು ಬೇಕು ಶೂಟಿಂಗಿಗೆ. ಹಿತ್ಲ ಜೊತೆ ನೀವೂ ಬೇಕು."

"ನಾನಾ? ನನ್ನ ಮುಖ ನೋಡಿ ಜನ ದುಡ್ಡು ವಾಪಸ್ ಕೇಳ್ತಾರೆ."

"ಒಂದೇ ಒಂದು ದೃಶ್ಯ. ಗಲ್ಫಿನವನ ಹೆಂಡ್ತಿ ಕಥೆ ಇದು. ನೀವು ಅವಳ ಅಕ್ಕ. ಪತ್ತಿರಿ ಲಟ್ಟಿಸ್ತಾ ಅವಳಿಗೊಂದು ಬುದ್ಧಿಮಾತು ಹೇಳ್ಬೇಕು, ಅಷ್ಟೇ."

ಕುಲ್ಸುತ್ತ ಗಂಡನ ಕಡೆ ನೋಡಿದಳು. ಸೈತಾಲಿ ಪತ್ರಿಕೆ ಮಡಿಸಿದ. "ನಿಂಗಿಷ್ಟ ಇದ್ರೆ ಮಾಡು," ಎಂದ. ಅವನು ಯಾವುದಕ್ಕಾದರೂ ಹೇಳುವುದು ಅಷ್ಟೇ.

ಮೊದಲು ಮೊಬೈಲಿನಲ್ಲಿ ಪರೀಕ್ಷೆಗೆಂದು ಒಂದೆರಡು ಮಾತಾಡಿಸಿದ. ಕುಲ್ಸುತ್ತ ಬೆನ್ನು ನೆಟ್ಟಗೆ ಮಾಡಿ, "ಸಹೋದರಿ, ನೀನು ದುಃಖಿಸಬೇಡ. ಎಲ್ಲವೂ ಒಳ್ಳೆಯದಾಗುವುದು," ಎಂದು ಒಪ್ಪಿಸಿದಳು. ಫವಾಸ್ ಮೊಬೈಲು ಕೆಳಗಿಳಿಸಿದ.

"ಇದ್ಯಾರು ಮಾತಾಡ್ತಿರೋದು ಇತ್ತಾ?"

"ನಾನೇ. ಸಿನಿಮಾದಲ್ಲಿ ಹಾಗೇ ಅಲ್ವಾ ಮಾತಾಡ್ಬೇಕಾದ್ದು?"

"ನಿನ್ನೆ ಹಿತ್ಲಲ್ಲಿ ಬೈತಿದ್ದವರು ಯಾರು ಹಾಗಾದ್ರೆ?"

"ಹಂಗೆ ಮಾತಾಡಿದ್ರೆ ಜನ ನಗ್ತಾರೆ ಮೋನೆ," ಎಂದಳು ಮಗನಿಗೆ ಹೇಳುವ ಹಾಗೆ. ಟೆಂಟಿನ ಸಂಗತಿಯನ್ನೂ ಹೇಳಿಬಿಟ್ಟಳು. ಮಗಳಿಗೂ ಹೇಳಿರದಿದ್ದದ್ದು ಈ ಗುರುತು ಪರಿಚಯವಿಲ್ಲದ ಹುಡುಗನೆದುರು ಸಲೀಸಾಗಿ ಬಂತು.

ಫವಾಸ್ ಮೊಬೈಲು ಜೇಬಿಗಿಟ್ಟ. "ನಮ್ಮುಮ್ಮನೂ ಟೀವಿ ನೋಡ್ತಾ ಹಂಗೇ ನಗ್ತಿದ್ರು," ಎಂದ. "ನಗೋಕಲ್ಲ, ನಮ್ಮವರು ಮಾತಾಡೋದೇ ಹೀಗೆ ಅನ್ನೋಕೆ ನಾನು ಈ ಚಿತ್ರ ಮಾಡ್ತಿರೋದು. ಜನ ನಕ್ರೆ ಆ ತಪ್ಪು ನಂದು. ನಿಮ್ಮದಲ್ಲ."

ಶೂಟಿಂಗಿನ ದಿನ ಹಿತ್ತಲು ತುಂಬ ದೀಪ, ತಂತಿ, ಕೊಡೆ. ನಾಯಕಿಯ ಪಾತ್ರದ ಹುಡುಗಿ ತಿರುವನಂತಪುರದವಳು. ಪಾಪ, ಒಂದು ವಾರದಿಂದ ಕೇರಿಯ ಹೆಂಗಸರ ಜೊತೆ ಕೂತು ಅವರ ಮಾತನ್ನು ಅಭ್ಯಾಸ ಮಾಡುತ್ತಿದ್ದಳು. ಸೈತಾಲಿ ಸಕ್ಕರೆ ಪರೀಕ್ಷೆಗೆಂದು ಪೊನ್ನಾನಿಗೆ ಹೋಗಿದ್ದ. ಅವನಿಲ್ಲದಿರುವುದು ಕುಲ್ಸುತ್ತನಿಗೆ ಸಮಾಧಾನವೇ. ರಹ್ಮತ್ ಮಾತ್ರ ಶಾಲೆ ಮುಗಿಸಿ ಬಂದು ಬಾವಿಕಟ್ಟೆಯ ಬಳಿ ನಿಂತಿದ್ದಳು.

ದೃಶ್ಯ ಸುಲಭದ್ದು. ಹುಡುಗಿ ಕೇಳಬೇಕು, ಗಂಡ ವಿಮಾನ ಹತ್ತಿದ ದಿವಸ ನೀನು ಏನು ಮಾಡುತ್ತಿದ್ದೆ ಅಂತ. ಅಕ್ಕ ಹೇಳಬೇಕು, "ಹುಟ್ಟಿಸಿದವನು ಬರೆದ ಹಾಗೆ ಕಣೇ, ಅಭ್ಯಾಸ ಆಗುತ್ತೆ." ಅಷ್ಟೇ ಮಾತು. ಕುಲ್ಸುತ್ತ ಎರಡು ದಿನದಿಂದ ಅದನ್ನು ಪಾತ್ರೆಗಳಿಗೆಲ್ಲ ಹೇಳಿ ಹೇಳಿ ಗಟ್ಟಿ ಮಾಡಿಕೊಂಡಿದ್ದಳು.

ಕ್ಯಾಮೆರಾ ಓಡಿತು. ಹುಡುಗಿ ಹತ್ತಿರ ಸರಿದು ಕೂತು, ಲಟ್ಟಿಸಿದ ಪತ್ತಿರಿಯನ್ನು ಎತ್ತಿಡುತ್ತಾ ಕೇಳಿದಳು. "ಇಕ್ಕ ಹೊರಟ ದಿವ್ಸ ನೀವು ಏನ್ಮಾಡ್ತಿದ್ರಿ ಇತ್ತಾ?"

ಎಷ್ಟು ಮೆಲ್ಲಗೆ ಕೇಳಿದಳೆಂದರೆ, ಕುಲ್ಸುತ್ತನಿಗೆ ಅದು ಸಿನಿಮಾದ ಪ್ರಶ್ನೆ ಎನ್ನುವುದೇ ಮರೆತುಹೋಯಿತು. ಇಡೀ ಜೀವಮಾನದಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಲಟ್ಟಣಿಗೆಯ ಮೇಲಿನ ಕೈ ನಿಧಾನವಾಯಿತು.

"ಅಳ್ತಿದ್ದೆ," ಎಂದಳು. "ಗೇಟಿನ ತನಕ ಹೋಗಿ ಚೆನ್ನಾಗಿ ಅಳ್ತಿದ್ದೆ. ಆಮೇಲೆ ಒಳಗೆ ಬಂದು, ಬಾಗ್ಲು ಹಾಕಿ, ಮಲಗಿ ನಿದ್ದೆ ಮಾಡ್ತಿದ್ದೆ. ಎಂಥಾ ನಿದ್ದೆ ಗೊತ್ತಾ? ಅವರಿದ್ದ ಅಷ್ಟೂ ದಿವ್ಸ ಬಾರದ ನಿದ್ದೆ. ಎದ್ರೆ ಮನೆ ಮತ್ತೆ ನಂದಾಗಿರ್ತಿತ್ತು." ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಒತ್ತಿದಳು. "ಅವರು ಕೆಟ್ಟವರಲ್ಲ ಕಣೇ. ಒಳ್ಳೆಯವರು. ಅದಕ್ಕೇ ಆ ನಿದ್ದೆ ನೆನಪಾದ್ರೆ ಇವತ್ತಿಗೂ ನಾಚಿಕೆ ಆಗುತ್ತೆ."

ಯಾರೂ ‘ಕಟ್’ ಅನ್ನಲಿಲ್ಲ. ನಾಯಕಿ ಹುಡುಗಿಯ ಕೈಯಲ್ಲಿ ಪತ್ತಿರಿ ಹಾಗೇ ಇತ್ತು. ಹೊಳೆಯ ಮೇಲೆ ಒಂದು ಮೋಟಾರು ದೋಣಿ ಡುಬುಡುಬು ಸದ್ದು ಮಾಡುತ್ತಾ ಹೋಗುತ್ತಿತ್ತು. ಕುಲ್ಸುತ್ತ ತಲೆ ಎತ್ತಿ, "ಅಯ್ಯೋ ಮೋನೆ, ಮಾತು ತಪ್ಪಿತು. ಇನ್ನೊಂದ್ಸಲ ಹೇಳ್ತೀನಿ," ಎಂದಳು.

"ಬೇಡ," ಎಂದ ಫವಾಸ್. "ಇತ್ತಾ, ಇನ್ನೊಂದ್ಸಲ ಬೇಡ."

ಎಲ್ಲರೂ ಸಾಮಾನು ಕಟ್ಟುವಾಗ ರಹ್ಮತ್ ಹತ್ತಿರ ಬಂದಳು. "ಉಮ್ಮಾ, ಅದು ಕಥೆಯಲ್ಲಿತ್ತಾ?"

"ಇತ್ತು."

"ಸುಳ್ಳು."

"ಗೊತ್ತಿದ್ಮೇಲೆ ಯಾಕೆ ಕೇಳ್ತೀಯ?"

"ಬಾಪ್ಪ ನೋಡಿದ್ರೆ?"

"ಅವರೆಲ್ಲಿ ಸಿನಿಮಾ ನೋಡ್ತಾರೆ," ಎಂದಳು ಕುಲ್ಸುತ್ತ. ಆದರೆ ಆವತ್ತಿನಿಂದ ಸೈತಾಲಿಗೆ ಚಾ ಕೊಡುವಾಗ ಅವಳ ಕಣ್ಣು ಲೋಟದ ಮೇಲೇ ಇರುತ್ತಿತ್ತು.

ಕೆಲವು ತಿಂಗಳು ಕಳೆದ ಮೇಲೆ ಫವಾಸ್ ಫೋನು ಮಾಡಿದ. ದೋಣಿಯ ಸದ್ದು ಮಾತಿನ ಮೇಲೆ ಬಿದ್ದಿದೆ, ಏನು ಮಾಡಿದರೂ ತೆಗೆಯಲಾಗುತ್ತಿಲ್ಲ. ಕೊಚ್ಚಿಯ ಸ್ಟುಡಿಯೋಗೆ ಬಂದು ಅದೇ ಮಾತನ್ನು ಮತ್ತೆ ಹೇಳಬೇಕು, ಪರದೆಯ ಮೇಲೆ ತನ್ನ ತುಟಿ ನೋಡಿಕೊಂಡು. ರಹ್ಮತ್‌ಗೆ ಶಾಲೆಯಲ್ಲಿ ಪರೀಕ್ಷೆಯ ಸಮಯ. ಕುಲ್ಸುತ್ತ ಬರಲಾಗುವುದಿಲ್ಲ ಎನ್ನುವ ಮೊದಲೇ ಜಗಲಿಯಿಂದ ಸೈತಾಲಿಯ ದನಿ ಬಂತು.

"ನಾನು ಕರ್ಕೊಂಡು ಹೋಗ್ತೀನಿ ಅಂತ ಹೇಳು."

ಕುಟ್ಟಿಪ್ಪುರದಿಂದ ರೈಲು. ದಾರಿಯುದ್ದಕ್ಕೂ ಕುಲ್ಸುತ್ತ ತಸ್ಬೀಹ್ ಮಣಿ ಎಣಿಸುತ್ತಿದ್ದಳು. ಸೈತಾಲಿ ಅದು ಪ್ರಯಾಣದ ಭಯ ಎಂದುಕೊಂಡು, "ಏನಾಗಲ್ಲ, ಕೂತ್ಕೋ," ಎಂದ.

ಸ್ಟುಡಿಯೋ ಎಂದರೆ ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆ. ಒಂದು ಕಡೆ ದಪ್ಪ ಗಾಜು, ಅದರಾಚೆ ಯಂತ್ರಗಳ ಮುಂದೆ ಒಬ್ಬ ಎಂಜಿನಿಯರ್. "ಸೈತಾಲಿಕ್ಕಾ, ನೀವು ಇಲ್ಲಿ ಎಸಿಯಲ್ಲಿ ಕೂರಿ," ಎಂದು ಫವಾಸ್ ಗೌರವದಿಂದ ಸೈತಾಲಿಯನ್ನು ಆ ಎಂಜಿನಿಯರನ ಹಿಂದಿನ ಸೋಫಾದಲ್ಲೇ ಕೂರಿಸಿದ. ಒಳಗೆ ಉಸಿರಾಡಿದ್ದೂ ಅಲ್ಲಿಗೆ ಕೇಳುತ್ತದೆ. ಗಾಜಿನಾಚೆ ಗಂಡನ ಬಿಳಿ ಟೊಪ್ಪಿ ಕಂಡಾಗ ಕುಲ್ಸುತ್ತ ಫವಾಸನನ್ನು ಮೈಕಿನಿಂದ ದೂರ ಮೂಲೆಗೆ ಎಳೆದಳು.

"ಮೋನೆ," ಎಂದಳು ಫವಾಸನ ಕಿವಿಯಲ್ಲಿ. "ಆ ಮಾತು ಬದಲಾಯಿಸ್ಬೋದಾ?"

ಅವನು ಗಾಜಿನ ಕಡೆ ನೋಡಿದ, ಅವಳ ಕಡೆ ನೋಡಿದ. ಅರ್ಥವಾಯಿತು. "ಬದಲಾಯಿಸ್ಬೋದು. ನೀವು ತಲೆ ತಗ್ಗಿಸಿದ್ದೀರಿ, ತುಟಿ ಸರಿಯಾಗಿ ಕಾಣಲ್ಲ. ಮೊದಲು ಬರೆದಿದ್ವಲ್ಲ, ಅದನ್ನೇ ಹೇಳಿ. ಸ್ವಲ್ಪ ಎಳೆದು ಹೇಳಿದ್ರೆ ಕೂರುತ್ತೆ."

"ನಿಂಗೆ ಬೇಜಾರಾಗುತ್ತೆ."

"ಆಗುತ್ತೆ. ಆದ್ರೆ ಮನೆಗೆ ವಾಪಸ್ ಹೋಗ್ಬೇಕಾದವರು ನೀವು."

ಕಿವಿಗೆ ಹೆಡ್‌ಫೋನ್ ಹಾಕಿದರು. ಪರದೆಯ ಮೇಲೆ ಅವಳ ಹಿತ್ತಲು, ಅವಳ ಮಣೆ, ಅವಳು. ಕುಲ್ಸುತ್ತ ಹೇಳಿದಳು: "ಹುಟ್ಟಿಸಿದವನು ಬರೆದ ಹಾಗೆ ಕಣೇ. ಅಭ್ಯಾಸ ಆಗುತ್ತೆ. ಎಲ್ಲ ಅಭ್ಯಾಸ ಆಗುತ್ತೆ." ಎಂಜಿನಿಯರ್ ಹೆಬ್ಬೆರಳು ಎತ್ತಿದ. ಒಂದೇ ಸಲಕ್ಕೆ ಸರಿಹೋಗಿತ್ತು.

ಸೇರಿಸಿ ಹಾಕಿ ತೋರಿಸಿದರು. ಪರದೆಯ ಮೇಲೆ ಒಬ್ಬಳು ಹೆಂಗಸು ಹಿಟ್ಟು ಒತ್ತುತ್ತಾ, ಏನನ್ನೋ ಒಳಗಿಂದ ಎಳೆದು ಹೊರಹಾಕುತ್ತಿದ್ದಾಳೆ. ಕತ್ತಿನ ನರ ಎದ್ದಿದೆ. ಕೇಳಿಸುವುದು ಮಾತ್ರ ಮದುವೆಮನೆಯಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು. ಕುಲ್ಸುತ್ತನಿಗೆ ಆ ಹೆಂಗಸನ್ನು ನೋಡಿ ಅಯ್ಯೋ ಅನ್ನಿಸಿತು. ಅವಳ ಬಾಯಿ ಮುಚ್ಚಿದ್ದು ಬೇರೆ ಯಾರೂ ಅಲ್ಲ, ತಾನೇ.

"ಇನ್ನೊಂದ್ಸಲ ಹಾಕಿ," ಎಂದಳು. "ಮೊದಲಿದ್ದದ್ದನ್ನೇ ಹೇಳ್ತೀನಿ."

ಒಮ್ಮೆ ಹೇಳಿ ಮುಗಿಸುವ ಕೆಲಸವಲ್ಲ ಅದು. ‘ಅಳ್ತಿದ್ದೆ’ ಸರಿಯಾದರೆ ‘ನಿದ್ದೆ’ ಹಿಂದೆ ಬೀಳುತ್ತಿತ್ತು. ‘ಮನೆ ಮತ್ತೆ ನಂದಾಗಿರ್ತಿತ್ತು’ ಎನ್ನುವಾಗ ಒಂದು ಸಲ ಮಾತು ಮೊದಲೇ ಮುಗಿಯಿತು, ಇನ್ನೊಂದು ಸಲ ತುಟಿ ತಪ್ಪಿತು. ಮತ್ತೆ ಮತ್ತೆ ಹೇಳಿದಳು. ಪ್ರತಿ ಸಲವೂ ಗಾಜಿನಾಚೆಯ ಟೊಪ್ಪಿ ಕೇಳಿಸಿಕೊಳ್ಳುತ್ತಿತ್ತು. ಅಲುಗಾಡಲಿಲ್ಲ. ಕೊನೆಕೊನೆಗೆ ಅವಳಿಗೆ ಭಯ ಹೋಗಿ ಬರೀ ಕೆಲಸ ಉಳಿಯಿತು. ಹಿಟ್ಟು ಹದಕ್ಕೆ ಬರುವ ತನಕ ನಾದುವ ಹಾಗೆ.

ಹೊರಗೆ ಬಂದಾಗ ಸೈತಾಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ. "ಆಯ್ತಾ? ನಡಿ, ರೈಲಿಗೆ ಹೊತ್ತಾಯ್ತು," ಎಂದ.

ರೈಲಿನಲ್ಲಿ ಅವನು ಕಿಟಕಿಯ ಬಳಿ ಕೂತ. ತ್ರಿಶೂರು ಬಂತು, ಹೋಯಿತು. ಬಾಳೆಹಣ್ಣಿನ ಬಜ್ಜಿಯವನು ಬಂದಾಗ ಎರಡು ಕೊಂಡು ಒಂದನ್ನು ಅವಳಿಗೆ ಕೊಟ್ಟ. "ನಿಮಗೆ ಸಿಹಿ ಆಗಲ್ಲ," ಎಂದಳು. ಅವನು ತಿಂದ. ಶೊರನೂರಿನ ಹೊತ್ತಿಗೆ, ಹೊರಗೆ ನೋಡುತ್ತಲೇ, ಮಾತಾಡಿದ.

"ವಿಮಾನದಲ್ಲಿ ಬೆಲ್ಟ್ ಕಟ್ಕೊಂಡ್ಮೇಲೆ ನಂಗೂ ಹಂಗೇ ಅನ್ನಿಸ್ತಿತ್ತು."

ಕುಲ್ಸುತ್ತ ಅವನ ಕಡೆ ತಿರುಗಿದಳು.

"ಅಲ್ಲಿ ಒಂದು ರೂಮಲ್ಲಿ ಎಂಟು ಜನ. ಆದ್ರೂ ನನ್ನ ಮಂಚ ಅಂತ ಒಂದಿತ್ತು. ಟವಲು ಹಾಕೋ ಮೊಳೆ ಯಾವುದು ಅಂತ ಕಣ್ಮುಚ್ಕೊಂಡು ಹೇಳ್ತಿದ್ದೆ. ರಜೆಗೆ ಇಲ್ಲಿಗೆ ಬಂದ್ರೆ ಎಲ್ರೂ ನನ್ನನ್ನೇ ನೋಡೋರು. ಏನು ತಂದ, ಯಾವಾಗ ಹೋಗ್ತಾನೆ. ರಹ್ಮತ್ ನನ್ನ ಕಂಡ್ರೆ ನಿನ್ನ ಹಿಂದೆ ಹೋಗಿ ನಿಲ್ತಿತ್ತು." ಕೈಯ ಎಣ್ಣೆಯನ್ನು ಕಾಗದಕ್ಕೆ ಒರೆಸಿದ. "ಈಗ್ಲೂ ಅಷ್ಟೇ. ಒಂದು ಚಮಚ ಬೇಕಿದ್ರೆ ಯಾವ ಡಬ್ಬದಲ್ಲಿರುತ್ತೆ ಅಂತ ನಂಗೆ ಗೊತ್ತಿಲ್ಲ."

"ಕೇಳ್ಬೋದಿತ್ತಲ್ಲ?"

"ಮನೆ ಯಜಮಾನ ಚಮಚ ಎಲ್ಲಿದೆ ಅಂತ ಕೇಳೋದಾ? ನಾಚಿಕೆ ಆಗ್ತಿತ್ತು."

"ಅಯ್ಯೋ ದೇವ್ರೆ. ಒಂದು ಚಮಚಕ್ಕೆ ನಾಲ್ಕು ವರ್ಷ ಕಾದ್ರಾ?"

ಎದುರು ಕೂತಿದ್ದ ಒಬ್ಬ ಕಾಲೇಜು ಹುಡುಗಿ ತಲೆ ಎತ್ತಿ ನೋಡಿದಳು. ಇಬ್ಬರು ವಯಸ್ಸಾದವರು, ಒಬ್ಬರ ಮುಖ ಇನ್ನೊಬ್ಬರು ನೋಡದೆ, ಭುಜ ಕುಲುಕಿಸಿ ನಗುತ್ತಿದ್ದರು. ಹೆಂಗಸಿನ ಕಣ್ಣಲ್ಲಿ ನೀರಿತ್ತು.

ಚಿತ್ರ ಬಿಡುಗಡೆಯಾದಾಗ ಕೇರಿಗೆ ಕೇರಿಯೇ ಹೋಗಿ ನೋಡಿತು. ಆ ದೃಶ್ಯ ಬಂದಾಗ ಯಾರೂ ನಗಲಿಲ್ಲ. ಸೈತಾಲಿಯೂ ಬಂದಿದ್ದ. ಮುಗಿದ ಮೇಲೆ ಹೊರಗೆ ಯಾರೋ ಅವನ ಹೆಗಲ ಮೇಲೆ ಕೈ ಹಾಕಿ, "ಸೈತಾಲಿಕ್ಕಾ, ನಿಮ್ಮ ಹೆಂಡ್ತಿ ಊರಿಗೆಲ್ಲ ಸಾರಿಬಿಟ್ರಲ್ಲ!" ಎಂದು ಕೆಣಕಿದರು. ಅವನು, "ಅವಳು ನಿದ್ದೆ ಮಾಡಿದ್ದನ್ನ ಹೇಳಿದ್ಲು. ನಿನ್ನ ಹೆಂಡ್ತಿ ಏನ್ಮಾಡ್ತಾಳೆ ಅಂತ ನೀನು ಯಾವತ್ತಾದ್ರೂ ಕೇಳಿದ್ಯಾ?" ಎಂದ. ಅಷ್ಟು ಉದ್ದದ ಮಾತು ಅವನ ಬಾಯಿಂದ ಊರು ಕೇಳಿದ್ದು ಅದೇ ಮೊದಲು.

ಎಲ್ಲ ಅಲ್ಲಿಗೆ ಸುಖವಾಗಿ ಮುಗಿಯಿತು ಎನ್ನುವಂತಿಲ್ಲ. ಎರಡು ಮನೆ ಆಚೆ ಶಂನ ಎಂಬ ಹುಡುಗಿಯಿದ್ದಳು, ಗಂಡ ದೋಹಾದಲ್ಲಿ. ಮದುವೆಮನೆಯ ಹಿತ್ತಲಲ್ಲಿ ಯಾವಾಗಲೂ ಕುಲ್ಸುತ್ತನ ಪಕ್ಕಕ್ಕೇ ಬಂದು ಕೂರುವವಳು. ಚಿತ್ರ ಬಂದ ಮೇಲೆ ಅವಳು ಬರುವುದು ನಿಂತಿತು. ದಾರಿಯಲ್ಲಿ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಿದ್ದಳು. ಕಾರಣ ರಹ್ಮತ್‌ನ ಕಿವಿಗೆ ಬಿತ್ತು. ಶಂನಳ ಅತ್ತೆ ಇತ್ತಾಚುಮ್ಮ ಚಿತ್ರ ನೋಡಿ ಬಂದವರೇ, "ಅಂಥ ನಿದ್ದೆ ನಮ್ಮನೇಲಿ ಬೇಡ," ಎಂದು ತಮ್ಮ ಮಂಚವನ್ನು ಸೊಸೆಯ ಕೋಣೆಗೆ ಹಾಕಿಸಿದ್ದರು. ಫೋನಿನಲ್ಲಿ ಯಾರ ಜೊತೆ ಮಾತಾಡಿದರೂ ಪಕ್ಕದಲ್ಲೇ ಕೂರುತ್ತಿದ್ದರು.

ತಾನಾಡಿದ್ದು ತನ್ನೊಬ್ಬಳ ಮಾತು ಎಂದುಕೊಂಡಿದ್ದಳು ಕುಲ್ಸುತ್ತ. ಅದು ಎದ್ದು ಬೇರೆ ಮನೆಯ ಕದ ತಟ್ಟುತ್ತದೆ ಎಂದು ಹೊಳೆದಿರಲಿಲ್ಲ. ಮಧ್ಯಾಹ್ನದ ನಮಾಜು ಮುಗಿಸಿ ನೇರ ಇತ್ತಾಚುಮ್ಮನ ಮನೆಗೆ ನಡೆದಳು.

ಇತ್ತಾಚುಮ್ಮ ಎಪ್ಪತ್ತೈದರ ಮುದುಕಿ, ಜಗಲಿಯಲ್ಲಿ ಅಡಿಕೆ ಕುಟ್ಟುತ್ತಿದ್ದರು. "ಬಾ ಬಾ, ಸಿನಿಮಾ ನಟಿ," ಎಂದರು. "ಇಡೀ ನಾಡಿಗೆ ನಮ್ಮ ಮರ್ಯಾದೆ ಹಂಚಿ ಬಂದ್ಯಾ?"

"ನಂದನ್ನ ಮಾತ್ರ ಹಂಚಿದ್ದು. ನಿಮ್ಮದಕ್ಕೆ ಕೈ ಹಾಕಿಲ್ಲ."

"ಗಂಡ ಹೋದ್ರೆ ಸುಖ ಅಂತ ಹೆಂಗಸ್ರು ಹೇಳೋದಾ? ಈ ಕಾಲದ ಹುಡುಗೀರಿಗೆ ಅದೇ ಸಾಕು."

ಕುಲ್ಸುತ್ತ ಮೆಟ್ಟಿಲ ಮೇಲೆ ಕೂತಳು. ಬಾಗಿಲ ಹಿಂದೆ ಶಂನಳ ನೆರಳು ಕಂಡಿತು. "ಇತ್ತಾಚುಮ್ಮಾ, ನಿಮ್ಮವರು ಗಲ್ಫಿಗೆ, ಆಗ ಪೇರ್ಶ್ಯ ಅಂತಿದ್ವಲ್ಲ, ಅಲ್ಲಿಗೆ ಅಂತ ಲಾಂಚು ಹತ್ತಿ ಹೋದ್ರಲ್ಲ, ನಾನಾಗ ಚಿಕ್ಕವಳು. ಊರೆಲ್ಲ ದೋಣಿಯ ಕಡವಿನ ತನಕ ಬಂದಿತ್ತು. ಅವತ್ತು ಮನೆಗೆ ವಾಪಸ್ ಬಂದು ನೀವು ಏನ್ಮಾಡಿದ್ರಿ?"

"ಏನ್ಮಾಡ್ತಾರೆ? ಅಳ್ತಾ ಕೂತ್ಕೊಂಡೆ."

"ಸುಮ್ನೇ ಕೂತ್ರಾ?"

ಅಡಿಕೆ ಕುಟ್ಟುವ ಸದ್ದು ನಿಂತಿತು. ಇತ್ತಾಚುಮ್ಮನ ಗಂಡ ಆ ಪ್ರಯಾಣದಿಂದ ಏಳು ವರ್ಷ ಮರಳಿರಲಿಲ್ಲ.

"ತಲೆಗೆ ಎಣ್ಣೆ ಹಚ್ಕೊಂಡೆ," ಎಂದರು ಕೊನೆಗೆ, ಸಣ್ಣ ದನಿಯಲ್ಲಿ. "ಕೂದಲು ಬಿಚ್ಚಿ, ಹಿತ್ಲ ಬಿಸಿಲಲ್ಲಿ ಕೂತಿದ್ದೆ. ಎಷ್ಟೋ ಹೊತ್ತು. ಯಾರೂ ಕರೀಲಿಲ್ಲ. ನಮ್ಮತ್ತೆ ನೋಡಿ, ಗಂಡ ಸಮುದ್ರದಲ್ಲಿರೋವಾಗ ಶೃಂಗಾರ ಮಾಡ್ಕೋತಾಳೆ ಅಂತ ಒನಕೆ ತಗೊಂಡು ಬಂದ್ರು." ಕುಟ್ಟುವ ಕಲ್ಲನ್ನು ಮತ್ತೆ ಎತ್ತಿಕೊಂಡು, "ಯಾಕೆ ಇದನ್ನೆಲ್ಲ ಎಬ್ಬಿಸ್ತೀಯ? ಎದ್ದು ಹೋಗು ನಿನ್ನ ಮನೆಗೆ," ಎಂದರು.

ಕುಲ್ಸುತ್ತ ಎದ್ದು ಬಂದಳು. ವಾರ ಕಳೆದ ಮೇಲೆ ಇತ್ತಾಚುಮ್ಮನ ಮಂಚ ಹಳೆಯ ಜಾಗಕ್ಕೆ ಹೋಯಿತೆಂದು ಸುದ್ದಿ ಬಂತು. ಸೊಸೆಯ ಕೋಣೆಯಲ್ಲಿ ಫ್ಯಾನಿನ ಗಾಳಿ ಹೆಚ್ಚು, ಮಂಡಿ ಹಿಡಿಯುತ್ತದೆ ಎಂದು ಅವರು ಎಲ್ಲರಿಗೂ ಹೇಳಿದರು. ಮುಂದಿನ ಮದುವೆಯಲ್ಲಿ ಶಂನ ಮತ್ತೆ ಹಿತ್ತಲಿಗೆ ಬಂದಳು. ಪಕ್ಕದಲ್ಲಲ್ಲ, ಸಾಲಿನ ತುದಿಯಲ್ಲಿ ಕೂತಳು. ಕೈ ತೊಳೆಯುವಲ್ಲಿ ಇಬ್ಬರೇ ಸಿಕ್ಕಾಗ ಕುಲ್ಸುತ್ತನೇ ಮಗಳನ್ನು ಕರೆಯುವ ಹಾಗೆ ಕರೆದು ಕೇಳಿದಳು.

"ಇನ್ನೂ ಕೋಪ ಇದ್ಯಾ ಮೋಳೆ?"

"ಕೋಪ ಇಲ್ಲ ಇತ್ತಾ. ನೀವು ಹೇಳಿದ್ದು ನಿಜ. ಆ ನಿಜ ಹೇಳೋ ಹೊತ್ತಿಗೆ ನಿಮ್ಮವರು ಮನೆಗೆ ವಾಪಸ್ ಬಂದಿದ್ರು. ನಮ್ಮವರು ಇನ್ನೂ ಅಲ್ಲೇ ಇದ್ದಾರೆ."

ಆ ಮಾತನ್ನು ಕುಲ್ಸುತ್ತ ಬಹಳ ದಿನ ಮನಸ್ಸಿನಲ್ಲಿ ತಿರುಗಿಸಿ ನೋಡಿದಳು. ಫವಾಸ್ ಮುಂದಿನ ಚಿತ್ರದ ಕಥೆ ಹೇಳಲು ಬಂದಾಗ ಅವನಿಗೂ ಹೇಳಿದಳು. ಅವನು ಎರಡು ಸಲ ಹೇಳಿಸಿಕೊಂಡ. ಬರೆದುಕೊಳ್ಳಲು ಹೋದವನನ್ನು, "ಅದು ಅವಳದ್ದು. ಬೇಕಿದ್ರೆ ಅವಳನ್ನೇ ಕೇಳು," ಎಂದು ತಡೆದಳು. ಅವನು ಕೇಳಿದನೋ ಇಲ್ಲವೋ, ಗೊತ್ತಿಲ್ಲ.

ಆಮೇಲೆ ಕುಲ್ಸುತ್ತ ಇನ್ನೆರಡು ಚಿತ್ರಗಳಲ್ಲಿ ಸಣ್ಣ ಪಾತ್ರ ಮಾಡಿದಳು. ಮದುವೆಯ ಪತ್ತಿರಿಯನ್ನೇನೂ ಬಿಡಲಿಲ್ಲ. ಈಗ ಹಿಟ್ಟು ಬೀಸಿಸಿ ತರುವುದು, ಸ್ಕೂಟರಿನಲ್ಲಿ ಪೊಟ್ಟಣ ಮುಟ್ಟಿಸುವುದು ಸೈತಾಲಿಯ ಕೆಲಸ. ಮೊದಲ ಬಾರಿಗೆ ಗಂಡ ಹೆಂಡತಿ ಜಗಳವಾಡತೊಡಗಿದ್ದಾರೆ. ಅಕ್ಕಿ ಯಾವ ಮಿಲ್ಲಿನದ್ದು, ತೆಂಗಿನಹಾಲು ಎಷ್ಟು ಗಟ್ಟಿ, ಎಲ್ಲದಕ್ಕೂ. ಬೆಳಿಗ್ಗೆ ದಾರಿಯಲ್ಲಿ ಹೋಗುವವರಿಗೆ ಕೇಳುವಷ್ಟು ಜೋರು.

"ಇಷ್ಟು ಒರಟಾಗಿ ಬೀಸಿಸ್ಕೊಂಡು ಬಂದಿದ್ದೀರಲ್ಲ, ಇದನ್ನ ಕೋಳಿಗೆ ಹಾಕ್ಲಾ?"

"ಶಾರ್ಜಾದಲ್ಲಿ ಮೂವತ್ತೆಂಟು ವರ್ಷ ಅಕ್ಕಿ ಮಾರಿದವನು ನಾನು. ನಂಗೆ ಹೇಳ್ಕೊಡ್ತೀಯಾ?"

"ಮಾರಿದ್ದೀರಿ. ತಿಂದವರು ಏನಂದ್ರು ಅಂತ ಯಾರಿಗೆ ಗೊತ್ತು!"

ಸೈತಾಲಿ ಗೊಣಗುತ್ತಾ ಚೀಲ ಎತ್ತಿಕೊಂಡು, ಮತ್ತೆ ಮಿಲ್ಲಿನ ಕಡೆ ಸ್ಕೂಟರು ತಿರುಗಿಸಿದ.